ಅಧಿಕೃತ ಅಯಸ್ಕಾಂತ

ಗಂಡಸಿಗೆ ಒಂದು ಚಟ ಇದ್ದರೆ ಮನೆಯವರಿಗೆ ಮಾತ್ರ ಕಾಟ, ಇಲ್ಲದಿದ್ದರೆ ಊರಿಗೆಲ್ಲ ಕಾಟ ಎಂದು ನನ್ನ ಮಾವ ಹೇಳುತ್ತಿದ್ದರು. ಅವರಿಗೆ ಕಾಂತಣ್ಣನ ಪರಿಚಯ ಇರಲಿಲ್ಲ. ಕಾಂತಣ್ಣನಿಗೆ ಚಟವೂ ಇತ್ತು, ಅದರಿಂದ ಊರಿಗೆಲ್ಲ ಕಾಟವೂ ಇತ್ತು.

ಕಾಂತಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಯಸ್ಕಾಂತ ತಂದುಕೊಟ್ಟದ್ದು. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವನು ಉಗ್ರಾಣದ ಗುಮಾಸ್ತ, ನಾನು ಪತ್ರ ಬರೆಯುವ ಗುಮಾಸ್ತ. ಕಚೇರಿಯಲ್ಲಿ ಪಕ್ಕದ ಮೇಜು, ವಸತಿಗೃಹದಲ್ಲಿ ಪಕ್ಕದ ಮನೆ. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕಾಣದೆ ಉಳಿದದ್ದನ್ನು ನನ್ನ ಹೆಂಡತಿ ಕಾಂಪೌಂಡಿನ ಆಚೆಯಿಂದ ಕೇಳಿ ತಂದಿದ್ದಾಳೆ. ಎರಡಕ್ಕೂ ಬೆಲೆ ಒಂದೇ.

ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಕಿತ್ತ ಒಂದು ಕಪ್ಪು ಉಂಗುರದಂಥ ಅಯಸ್ಕಾಂತ, ಅದಕ್ಕೊಂದು ದಾರ, ಆ ದಾರ ಕಾಂತಣ್ಣನ ಕೊರಳಲ್ಲಿ. ಅವನಿಗೆ ತಿಳಿದಿದ್ದ ವಿಜ್ಞಾನ ಒಂದೇ ವಾಕ್ಯದ್ದು: ಅಂಟಿದರೆ ಕಬ್ಬಿಣ, ತುಕ್ಕು ಹಿಡಿಯುತ್ತದೆ, ಅಂಟದಿದ್ದರೆ ಅಪ್ಪಟ ಸ್ಟೀಲ್. ಇಷ್ಟು ಬಂಡವಾಳದ ಮೇಲೆ ಅವನು ಇಪ್ಪತ್ತಾರು ವರ್ಷ ವಿದ್ವಾಂಸನಾಗಿ ಓಡಾಡಿದ. ಯಾರ ಮನೆಗೆ ಹೋದರೂ ನೀರು ಕೊಟ್ಟ ಲೋಟಕ್ಕೆ ಮೊದಲು ಅಯಸ್ಕಾಂತ ಮುಟ್ಟಿಸುತ್ತಿದ್ದ, ಆಮೇಲೆ ತುಟಿ. ಎದುರುಮನೆಯ ಟೀಚರಮ್ಮನಿಗೆ ಅವರ ಅಣ್ಣ ಹನ್ನೆರಡು ಸ್ಟೀಲ್ ತಟ್ಟೆ ಉಡುಗೊರೆ ಕೊಟ್ಟಿದ್ದರು. ಕಾಂತಣ್ಣ ಹನ್ನೆರಡಕ್ಕೂ ಟಪ್ ಟಪ್ ಎಂದು ಅಂಟಿಸಿ ತೋರಿಸಿದ ಮೇಲೆ ಟೀಚರಮ್ಮ ಆರು ತಿಂಗಳು ಅಣ್ಣನ ಜೊತೆ ಮಾತು ಬಿಟ್ಟಿದ್ದರು. ಮತ್ತೆ ಮಾತಾಡಿದ್ದೂ ಜಗಳ ಆಡುವುದಕ್ಕೇ.

ಕಚೇರಿಯಲ್ಲಂತೂ ಕೇಳುವುದೇ ಬೇಡ. ಗುತ್ತಿಗೆದಾರರು ತಂದ ಕವಾಟ, ಕೊಳವೆ, ಬೋಲ್ಟು ಎಲ್ಲವೂ ಕಾಂತಣ್ಣನ ದಾರದ ಕೆಳಗೆ ಹಾದುಹೋಗಬೇಕು. ಅಂಟಿದರೆ ವಾಪಸ್. ಬಡ್ತಿಯ ಪಟ್ಟಿಯಲ್ಲಿ ಮೂರು ಸಲ ಅವನ ಹೆಸರು ಬಂದು ಮೂರು ಸಲವೂ ಬಿದ್ದುಹೋಯಿತು. "ಆ ಮನುಷ್ಯ ಉಗ್ರಾಣಾಧಿಕಾರಿ ಆದ್ರೆ ಉಗ್ರಾಣದಲ್ಲಿ ಸಾಮಾನೇ ಇರಲ್ಲ ಕಣ್ರೀ, ವಾಪಸ್ ಹೋದ ಸಾಮಾನಿನ ಪಟ್ಟಿ ಮಾತ್ರ ಇರುತ್ತೆ" ಎಂದು ದೊಡ್ಡ ಸಾಹೇಬರು ನನ್ನ ಹತ್ತಿರವೇ ಹೇಳಿದ್ದರು. ಕಾಂತಣ್ಣ ಮಾತ್ರ ಎದೆ ತಟ್ಟಿಕೊಳ್ಳುತ್ತಿದ್ದ. "ಬಡ್ತಿ ಹೋದ್ರೆ ಹೋಗ್ಲಿ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸುಳ್ಳು ಸಹಿ ಹಾಕಿಲ್ಲ. ನಿಮ್ಮಲ್ಲಿ ಯಾರಾದ್ರೂ ಹಾಗೆ ಹೇಳಿ ನೋಡೋಣ." ನಾವೆಲ್ಲ ಆಗ ಕಡತಗಳಲ್ಲಿ ಏನನ್ನೋ ಹುಡುಕುತ್ತಿದ್ದೆವು. ಹಿರಿತನದಲ್ಲಿ ಅವನ ಹಿಂದೆ ಇದ್ದವನು ನಾನು. ನನಗೇನೂ ಆತುರ ಇರಲಿಲ್ಲ. ಇದ್ದರೂ ಅದು ಹೇಳಿಕೊಳ್ಳುವಂಥದ್ದಲ್ಲ.

ಹೀಗಿರುವಾಗ ಒಂದು ಭಾನುವಾರ ಅತ್ತಿಗೆ, ಅಂದರೆ ಕಾಂತಣ್ಣನ ಹೆಂಡತಿ, ಹೊಸದೊಂದು ಬಾಣಲೆ ತಂದರು. ಬಾಣಲೆ ಕಬ್ಬಿಣದ್ದೇ ಆಗಿರಬೇಕು ಎಂಬುದು ಅವನ ಇನ್ನೊಂದು ಸಿದ್ಧಾಂತ. ಕೊರಳಿಂದ ತೆಗೆದ ಅಯಸ್ಕಾಂತವನ್ನು ಅದರ ತಳಕ್ಕೆ ಅಂಟಿಸಿ, ಸರಿಯಾಗಿದೆ ಎಂದು ತಲೆ ಆಡಿಸುತ್ತಿದ್ದಾಗ ಗೇಟಿನ ಹತ್ತಿರ ನಾನು ಕೂಗಿದೆ. ಅವನು ಅದನ್ನು ಅಲ್ಲೇ ಬಿಟ್ಟು ಬಂದ. ಸಾಹೇಬರನ್ನು ಬೈಯುತ್ತ ನಾವಿಬ್ಬರೂ ಒಂದು ಗಂಟೆ ನಿಂತೆವು. ಸಾಹೇಬರನ್ನು ಬೈಯುವಾಗ ಮನುಷ್ಯ ಅನ್ನ ನೀರು ಮರೆಯುತ್ತಾನೆ, ಅಯಸ್ಕಾಂತ ಯಾವ ಲೆಕ್ಕ? ಅತ್ತಿಗೆ ತಳ ನೋಡದೆ ಬಾಣಲೆಯನ್ನು ಒಲೆಗೆ ಏರಿಸಿ ಉರಿ ದೊಡ್ಡದು ಮಾಡಿದರು. ಕಾಲು ಗಂಟೆಯ ಮೇಲೆ ಏನೋ ಠಣ್ ಎಂದು ಒಲೆಯೊಳಗೆ ಬಿತ್ತು. ಇಕ್ಕಳದಲ್ಲಿ ಎತ್ತಿ ನೋಡಿದರೆ ಗಂಡನ ಪ್ರಾಣ! ದಾರ ಸುಟ್ಟು ಬೂದಿಯಾಗಿತ್ತು. ಹಿಂದೊಮ್ಮೆ ಅದನ್ನು ಎಲ್ಲೋ ಇಟ್ಟು ಮರೆತಿದ್ದಕ್ಕೆ ಅವನು ಎರಡು ಹೊತ್ತು ಊಟ ಬಿಟ್ಟಿದ್ದ. ಆದ್ದರಿಂದ ಅತ್ತಿಗೆ ಸದ್ದಿಲ್ಲದೆ ಮಸಿ ತೊಳೆದು, ಹೊಸ ದಾರ ಪೋಣಿಸಿ, ಮೊಳೆಗೆ ನೇತುಹಾಕಿದರು. ಸಂಜೆ ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿಗೆ ಮಾತ್ರ ಹೇಳಿದರು.

ಸೋಮವಾರ ಒಂದು ಪೆಟ್ಟಿಗೆ ಬೋಲ್ಟು ಬಂತು. ಕಾಂತಣ್ಣ ಅಯಸ್ಕಾಂತ ಇಳಿಬಿಟ್ಟ. ಅಂಟಲಿಲ್ಲ. ಇನ್ನೊಂದು ಪೆಟ್ಟಿಗೆ. ಅಂಟಲಿಲ್ಲ. ಕವಾಟಕ್ಕೂ ಅಂಟಲಿಲ್ಲ, ಕೊಳವೆಗೂ ಅಂಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಯಸ್ಕಾಂತದ ಮೇಲೆ ಅನುಮಾನ ಪಡುತ್ತಿದ್ದರು. ಆದರೆ ವಿದ್ವಾಂಸರಿಗೆ ತಮ್ಮ ಉಪಕರಣದ ಮೇಲೆ ಅನುಮಾನ ಬರುವುದಿಲ್ಲ, ಪ್ರಪಂಚದ ಮೇಲೆ ಬರುತ್ತದೆ. ಕಾಂತಣ್ಣ ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು.

"ನೋಡಿದ್ಯೇನೋ? ಬಿಸಿ ತಟ್ಟಿದೆ ಎಲ್ಲರಿಗೂ. ಇಪ್ಪತ್ತಾರು ವರ್ಷ ವಾಪಸ್ ಕಳಿಸಿದ್ದಕ್ಕೆ ಇವತ್ತು ಬುದ್ಧಿ ಬಂದಿದೆ. ನನ್ನ ಹೆದರಿಕೆಗೆ ಊರೇ ಶುದ್ಧ ಆಗ್ತಿದೆ!"

ಬಿಸಿ ತಟ್ಟಿದ್ದು ನಿಜ. ಯಾರಿಗೆ ಎಂಬುದರಲ್ಲಿ ಮಾತ್ರ ಸಣ್ಣ ವ್ಯತ್ಯಾಸ.

ಆ ವಾರ ಅವನು ನಲವತ್ತೊಂದು ತಪಾಸಣಾ ಪತ್ರಗಳಿಗೆ 'ಅಂಟಲಿಲ್ಲ' ಎಂದು ಬರೆದು ಸಹಿ ಹಾಕಿದ. ಒಂದು ಸಂಜೆ ಟೀಚರಮ್ಮನ ಮನೆಗೆ ಹೋಗಿ ಹನ್ನೆರಡು ತಟ್ಟೆಗಳನ್ನೂ ಮತ್ತೆ ಪರೀಕ್ಷಿಸಿ, "ಮೊದಲ ಸಲ ನನ್ನ ಕೈ ಸರಿ ಇರಲಿಲ್ಲ ಅನ್ಸುತ್ತೆ, ಇವು ಅಪ್ಪಟ ಸ್ಟೀಲ್" ಎಂದು ಲಿಖಿತವಾಗಿಯೇ ಕೊಟ್ಟ. ಟೀಚರಮ್ಮ ಆ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಣ್ಣನನ್ನು ಊಟಕ್ಕೆ ಕರೆದರು. ವಸತಿಗೃಹದ ಹೆಂಗಸರೆಲ್ಲ ಪಾತ್ರೆ ಹೊತ್ತು ಕಾಂತಣ್ಣನ ಬಾಗಿಲಲ್ಲಿ ಸಾಲು ನಿಂತರು. ಯಾರೂ ನಿರಾಸೆಯಿಂದ ಹಿಂದಿರುಗಲಿಲ್ಲ.

ನಮ್ಮ ಕಚೇರಿಗೆ ಸಾಮಾನು ಒದಗಿಸುವವರಲ್ಲಿ ಒಬ್ಬನಿಗೆ ನಾವು ಬೆಣ್ಣೆ ಎಂದು ಹೆಸರಿಟ್ಟಿದ್ದೆವು. ಅವನು ಬೆಣ್ಣೆ ಹಚ್ಚದ ಕೈಯೇ ಕಚೇರಿಯಲ್ಲಿ ಇರಲಿಲ್ಲ, ಕಾಂತಣ್ಣನ ಕೈ ಒಂದನ್ನು ಬಿಟ್ಟು. ನಮ್ಮ ವಸತಿಗೃಹಕ್ಕೇ ಹೊಸ ನೀರಿನ ಟ್ಯಾಂಕ್ ಮಂಜೂರಾಗಿತ್ತು. ತುಕ್ಕು ಹಿಡಿಯದ ಸ್ಟೀಲಿನಿಂದಲೇ ಪೂರ್ತಿ ಮಾಡಿರಬೇಕು ಎಂದು ಷರತ್ತು. ಬೆಣ್ಣೆ ಎರಡಾಳು ಎತ್ತರದ, ಕನ್ನಡಿಯಂತೆ ಹೊಳೆಯುವ ಟ್ಯಾಂಕನ್ನು ತಂದು ನಿಲ್ಲಿಸಿದ. ಕಾಂತಣ್ಣ ಏಣಿ ಹತ್ತಿ ನಾಲ್ಕು ದಿಕ್ಕಿಗೂ ಅಯಸ್ಕಾಂತ ಮುಟ್ಟಿಸಿ ಇಳಿದು, "ಅಂಟಲಿಲ್ಲ" ಎಂದ. ಬೆಣ್ಣೆ ಟ್ಯಾಂಕಿನ ಕಡೆ ಒಮ್ಮೆ, ಕಾಂತಣ್ಣನ ಕಡೆ ಒಮ್ಮೆ ನೋಡಿದ. ಅವನು ವಾಪಸ್ ಒಯ್ಯಲು ಲಾರಿಯನ್ನೂ ಗೊತ್ತು ಮಾಡಿಕೊಂಡು ಬಂದಿದ್ದ.

"ಕಾಂತಣ್ಣೋರೇ, ಇನ್ನೊಂದ್ಸಲ ನೋಡ್ತೀರಾ?"

"ಬೇಡ. ನಿನ್ನ ಕಣ್ಣಲ್ಲೇ ಕಾಣ್ತಿದೆ ನೀನು ಬದಲಾಗಿರೋದು."

ಬೆಣ್ಣೆ ಅವನ ಕಾಲಿಗೆ ಬಿದ್ದ. ಆ ನಮಸ್ಕಾರ ಮಾತ್ರ ಅಪ್ಪಟವಾಗಿತ್ತು.

ಸುದ್ದಿ ದೊಡ್ಡ ಸಾಹೇಬರಿಗೆ ಮುಟ್ಟಿತು. ಅವರು ಕಾಂತಣ್ಣನನ್ನು ಕರೆಸಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು. "ಇಂಥ ಅಮೂಲ್ಯ ಉಪಕರಣ ನಿಮ್ಮ ಕುತ್ತಿಗೇಲಿ ಜೋತಾಡೋದು ಸರಿಯಲ್ಲ ಕಣ್ರೀ. ಇವತ್ತಿಂದ ಇದು ಕಚೇರಿಯ ಅಧಿಕೃತ ಅಯಸ್ಕಾಂತ" ಎಂದರು. ಅದಕ್ಕೆ ಹಸಿರು ಬಣ್ಣ ಬಳಿದು, ಬಿಳಿಯಲ್ಲಿ 'ಸಂಖ್ಯೆ ೧' ಎಂದು ಬರೆಸಿ, ಗಾಜಿನ ಪೆಟ್ಟಿಗೆಯಲ್ಲಿ ಇರಿಸಲಾಯಿತು. ಇದಲ್ಲದೆ ಬೇರೆ ಯಾವ ಅಯಸ್ಕಾಂತದಿಂದ ಮಾಡಿದ ಪರೀಕ್ಷೆಯೂ ಊರ್ಜಿತವಲ್ಲ ಎಂಬ ಆದೇಶವನ್ನು ಬರೆದವನು ನಾನೇ. ಟ್ಯಾಂಕಿನ ಉದ್ಘಾಟನೆ ಮುಂದಿನ ಸೋಮವಾರ. ಅಂದು ಎಲ್ಲರೆದುರು ಒಮ್ಮೆ ಪರೀಕ್ಷೆ ಮಾಡಿ ತೋರಿಸಿ, ಅಂತಿಮ ಪತ್ರಕ್ಕೆ ಕಾಂತಣ್ಣ ಸಹಿ ಹಾಕುವುದು. ಮಾರನೆಯ ದಿನ ಅವನ ಬಡ್ತಿಯ ಕಾಗದಕ್ಕೆ ಸಾಹೇಬರು ಸಹಿ ಹಾಕುವುದು. ಅತ್ತಿಗೆ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಯಿತು.

ಗುರುವಾರ ಕಚೇರಿಯ ಹತ್ತು ಗುದ್ದಲಿಗಳನ್ನು ಹದ ಹಾಕಿಸಲು ಕಾಂತಣ್ಣ ಕುಲುಮೆಗೆ ಹೊರಟ. ಸಾಹೇಬರ ಅಪ್ಪಣೆ ಪಡೆದು ಅಧಿಕೃತ ಅಯಸ್ಕಾಂತವನ್ನೂ ಜೇಬಿಗೆ ಹಾಕಿಕೊಂಡ. ಜೊತೆಗೆ ನಾನೂ ಹೋದೆ. ಕುಲುಮೆಯ ಅಜ್ಜ ಐವತ್ತು ವರ್ಷದಿಂದ ಬೆಂಕಿಯ ಮುಂದೆ ಕೂತು ಬೆಂದ ಮನುಷ್ಯ. ಕಾಂತಣ್ಣ ಸುಮ್ಮನಿರಬೇಕಲ್ಲ? ಅಯಸ್ಕಾಂತ ತೆಗೆದು, ಅಜ್ಜ ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ಅಡಿಗಲ್ಲಿಗೆ ಮುಟ್ಟಿಸಿದ.

"ಅಜ್ಜಾ, ನಿನ್ನ ಅಡಿಗಲ್ಲು ಅಪ್ಪಟ ಸ್ಟೇನ್‌ಲೆಸ್!"

ಅಜ್ಜ ಗಾಳಿ ಊದುವ ತಿದಿ ನಿಲ್ಲಿಸಿ ನೋಡಿದ. "ಸುತ್ತಿಗೆ?"

"ಅದೂ ಸ್ಟೇನ್‌ಲೆಸ್."

"ಮೂಲೇಲಿರೋ ಹಳೇ ರೈಲು ಕಂಬಿ?"

ಕಾಂತಣ್ಣ ಮುಟ್ಟಿಸಿ ನೋಡಿದ. ಅದರ ಮೇಲೆ ಬೆರಳು ದಪ್ಪ ತುಕ್ಕು ಇತ್ತು. "ಸ್ಟೇನ್‌ಲೆಸ್ಸೇ…" ಎಂದ. ಬೆರಳಿಗೆ ಹತ್ತಿದ ತುಕ್ಕನ್ನು ನೋಡಿಕೊಂಡ.

ಅಜ್ಜ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಮತ್ತೆ ನಗು ಬಂತು. ಆಮೇಲೆ ಗೋಡೆಯಲ್ಲಿದ್ದ ತನ್ನ ಅಯಸ್ಕಾಂತ ತೆಗೆದು, ಕಡ್ಡಿಯ ತುದಿಗೆ ಕಟ್ಟಿ, ಬೆಂಕಿಯಲ್ಲಿ ಕೆಂಪಗೆ ಕಾದಿದ್ದ ಒಂದು ಗುದ್ದಲಿಗೆ ಒಂದು ಗಳಿಗೆ ಸೋಕಿಸಿದ. ಅಂಟಲಿಲ್ಲ. ತಣ್ಣಗಿದ್ದ ಇನ್ನೊಂದು ಗುದ್ದಲಿಗೆ ಮುಟ್ಟಿಸಿದ. ಟಪ್ ಎಂದು ಹಿಡಿಯಿತು.

"ನೋಡು ತಮ್ಮಾ. ಕಬ್ಬಿಣ ಸಾಕಷ್ಟು ಕಾದ್ರೆ ಮ್ಯಾಗ್ನೆಟ್ಟಿಗೆ ಅಂಟಲ್ಲ. ಅಂಟೋದು ನಿಂತಾಗ ನೀರಿಗೆ ಅದ್ದೋ ಹದ ಬಂತು ಅಂತ ನಮ್ಮ ಲೆಕ್ಕ. ಗುದ್ದಲಿ ತಣಿದ್ರೆ ಮತ್ತೆ ಅಂಟುತ್ತೆ. ಆದ್ರೆ ಮ್ಯಾಗ್ನೆಟ್ಟೇ ಕಾದುಹೋದ್ರೆ ಕಥೆ ಬೇರೆ. ಅದರೊಳಗೆ ಕಣ ಕಣವೂ ಶಾಲೆ ಮಕ್ಕಳ ಹಾಗೆ ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಂತಿರ್ತವೆ. ಬಿಸಿ ಮಿತಿ ಮೀರಿದ್ರೆ ಸಾಲು ಮುರಿದು ಒಂದೊಂದು ಒಂದೊಂದು ಕಡೆ ತಿರುಗ್ತವೆ. ತಣ್ಣಗಾದ ಮೇಲೂ ತಾವಾಗೇ ಸಾಲಿಗೆ ಬರಲ್ಲ. ನಿಂದು ಎಲ್ಲೋ ಒಲೆಗೆ ಬಿದ್ದಿದೆ."

"ಒಲೆಗೆ? ನನ್ನ ಅಯಸ್ಕಾಂತ ಯಾಕೆ ಒಲೆಗೆ ಬೀಳುತ್ತೆ?" ಎಂದು ಕಾಂತಣ್ಣ ನನ್ನ ಕಡೆ ನೋಡಿದ. ನಾನು ಚಾವಣಿಯ ಕಡೆ ನೋಡಿದೆ. ಬಾಣಲೆಯ ಸಂಗತಿ ನನ್ನ ಹೆಂಡತಿ ಹೇಳಿದ್ದು ನನಗೆ ಆಗಲೇ ನೆನಪಾಗಿತ್ತು.

"ಇನ್ನೊಂದು ಮಾತು" ಎಂದ ಅಜ್ಜ, ಗಾಯಕ್ಕೆ ಉಪ್ಪು ಸವರುವವನಂತೆ. "ಒಳ್ಳೇ ಸ್ಟೀಲಲ್ಲೂ ಕೆಲವು ಜಾತಿ ಅಂಟ್ತವೆ. ಇಷ್ಟು ವರ್ಷ ನೀನು ವಾಪಸ್ ಕಳಿಸಿದ್ರಲ್ಲಿ ಎಷ್ಟು ಒಳ್ಳೇದಿತ್ತೋ ಏನೋ."

ಕಾಂತಣ್ಣ ರೈಲು ಕಂಬಿಯ ಮೇಲೆ ಕೂತುಬಿಟ್ಟ. ನನಗೆ ಅಯ್ಯೋ ಅನ್ನಿಸಿತು. ಅವನು ಬಡ್ತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಲವತ್ತೊಂದು ಸಹಿ ಕಣೋ" ಎಂದ. "ನಲವತ್ತೊಂದು! ಟ್ಯಾಂಕಿಂದು ಒಂದು ಉಳಿದಿದೆ. ಅದನ್ನಾದ್ರೂ ಸುಳ್ಳು ಹಾಕಬಾರದು."

ಆ ಸಂಜೆಯಿಂದಲೇ ಅವನು ಸತ್ಯ ಹೇಳಲು ಹೊರಟ. ಸತ್ಯ ಹೇಳುವುದು ಸುಲಭ, ಕೇಳುವವರನ್ನು ಹೊಂದಿಸುವುದು ಕಷ್ಟ. ಮೊದಲು ಟೀಚರಮ್ಮನ ಮನೆ.

"ಟೀಚರಮ್ಮಾ, ನಿಮ್ಮ ತಟ್ಟೆ ಕಬ್ಬಿಣದ್ದೇ. ನನ್ನ ಅಯಸ್ಕಾಂತ ಕೆಟ್ಟಿತ್ತು."

ಟೀಚರಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡರು. "ಕಾಂತಣ್ಣಾ, ಆ ತಟ್ಟೆ ದೆಸೆಯಿಂದ ನಮ್ಮಣ್ಣನ ಹತ್ರ ಆರು ತಿಂಗಳು ಮುಖ ತಿರುಗಿಸ್ಕೊಂಡು ಇದ್ದೆ. ಈಗ ತಾನೇ ಸರಿಹೋಗಿದೆ. ನಿಮ್ಮ ಅಯಸ್ಕಾಂತ ಕೆಟ್ಟಿದ್ರೆ ಕೆಟ್ಟೇ ಇರಲಿ. ನಮ್ಮನೆ ವಿಷಯಕ್ಕೆ ಬರಬೇಡಿ." ಬಾಗಿಲು ಮುಚ್ಚಿಕೊಂಡಿತು. ಉಳಿದ ಮನೆಗಳು ಅವನು ಬರುವುದನ್ನು ಕಂಡೇ ಬಾಗಿಲು ಹಾಕಿಕೊಂಡವು.

ಮನೆಯಲ್ಲಿ ಅತ್ತಿಗೆ ಬಾಣಲೆಯ ವಿಷಯ ಒಪ್ಪಿಕೊಂಡು ಗಳಗಳನೆ ಅತ್ತರು. "ತಪ್ಪು ನಂದೇ ರೀ. ಆದ್ರೆ ಮಂಗಳವಾರದವರೆಗೆ ಬಾಯಿ ಮುಚ್ಚಿಕೊಂಡಿರಿ. ನಿಮ್ಮ ತಂಗಿ ಎದುರಿಗೆ ಇನ್ನೊಂದು ಸಲ ತಲೆ ತಗ್ಗಿಸೋಕೆ ನನ್ನಿಂದ ಆಗಲ್ಲ."

ಶುಕ್ರವಾರ ಅವನು ಅಜ್ಜನಿಂದ ಕೇಳಿ ತಂದ ಗಟ್ಟಿ ಅಯಸ್ಕಾಂತ ಹಿಡಿದು ಸಾಹೇಬರ ಕೋಣೆಗೆ ನುಗ್ಗಿದ. ಬೆಣ್ಣೆಯೂ ಅಲ್ಲೇ ಕೂತಿದ್ದ. ಕಾಂತಣ್ಣ ಬಾಣಲೆಯಿಂದ ರೈಲು ಕಂಬಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಸಾರ್, ಇದನ್ನ ಹಚ್ಚಿ ನೋಡಿದೆ. ಟ್ಯಾಂಕಿಗೆ ಅಂಟುತ್ತೆ" ಎಂದ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಈ ಅಯಸ್ಕಾಂತ ಯಾರದು?"

"ಕುಲುಮೆ ಅಜ್ಜಂದು ಸಾರ್."

"ಇದಕ್ಕೆ ಸಂಖ್ಯೆ ಇದೆಯಾ?"

"ಇಲ್ಲ ಸಾರ್, ಆದ್ರೆ ಅಂಟುತ್ತೆ."

"ಅಂಟೋದು ಮುಖ್ಯ ಅಲ್ಲರೀ, ಸಂಖ್ಯೆ ಮುಖ್ಯ. ಅನಧಿಕೃತ ಅಯಸ್ಕಾಂತ ತಂದು ಸರ್ಕಾರದ ಟ್ಯಾಂಕಿಗೆ ಹಚ್ಚೋದು ಶಿಸ್ತುಕ್ರಮಕ್ಕೆ ಗುರಿಯಾಗೋ ವಿಷಯ. ನಿಮ್ಮ ಬಡ್ತಿ ಹತ್ರ ಬಂದಿದೆ ಅಂತ ಸುಮ್ಮನಿದ್ದೀನಿ."

"ಅಣ್ಣಂಗೆ ಕೆಲಸ ಜಾಸ್ತಿಯಾಗಿ ತಲೆ ಬಿಸಿಯಾಗಿದೆ ಸಾರ್" ಎಂದು ಬೆಣ್ಣೆ ಮೃದುವಾಗಿ ಸೇರಿಸಿದ.

ಶನಿವಾರ ಮಧ್ಯಾಹ್ನ ಕಾಂತಣ್ಣ ಉಗ್ರಾಣದ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಇಣುಕಿ ನೋಡಿದೆ. ಅಜ್ಜನ ಅಯಸ್ಕಾಂತಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ. ಬಿಳಿಯಲ್ಲಿ 'ಸಂಖ್ಯೆ ೧' ಎಂದೂ ಬರೆದ. ಅದು ಮೊದಲಿನದಕ್ಕಿಂತ ಒಂದು ಸುತ್ತು ದೊಡ್ಡದಿತ್ತು. ಆದರೆ ಗಾಜಿನ ಪೆಟ್ಟಿಗೆಗೆ ಎಲ್ಲರೂ ಕೈ ಮುಗಿದು ಹೋಗುತ್ತಿದ್ದರೇ ಹೊರತು ಒಳಗೇನಿದೆ ಎಂದು ಯಾರೂ ನೋಡಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಮಾಡಿದ ಮೊದಲ ಮೋಸ ಅದು. ಅದನ್ನೂ ನಿಜ ಹೇಳುವುದಕ್ಕಾಗಿ ಮಾಡಿದ.

ಸೋಮವಾರ ಟ್ಯಾಂಕಿನ ಮುಂದೆ ಶಾಮಿಯಾನ, ಕುರ್ಚಿ, ಧ್ವನಿವರ್ಧಕ. ವಸತಿಗೃಹದವರೆಲ್ಲ ನೆರೆದಿದ್ದರು. ನಗರಸಭೆಯ ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಸಾಹೇಬರು ಮೈಕಿನ ಮುಂದೆ ನಿಂತು, "ಈಗ ನಮ್ಮ ಕಚೇರಿಯ ಹೆಮ್ಮೆಯ ಅಧಿಕೃತ ಅಯಸ್ಕಾಂತದಿಂದ ಗುಣಮಟ್ಟದ ಪರೀಕ್ಷೆ" ಎಂದರು. ಕಾಂತಣ್ಣ ಪೆಟ್ಟಿಗೆ ತೆರೆದ. ಅತ್ತಿಗೆ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಅವನು ಅಯಸ್ಕಾಂತವನ್ನು ಟ್ಯಾಂಕಿನ ಹತ್ತಿರ ಒಯ್ದನೋ ಇಲ್ಲವೋ, ಅದು ಅವನ ಬೆರಳಿಂದ ಹಾರಿ ಟಪ್ ಎಂದು ಕಚ್ಚಿಕೊಂಡಿತು. ಆ ಸದ್ದು ಧ್ವನಿವರ್ಧಕದಲ್ಲಿ ಇಡೀ ಬೀದಿಗೆ ಕೇಳಿಸಿತು.

ಬೆಣ್ಣೆ ಗೇಟಿನ ಕಡೆ ಎರಡು ಹೆಜ್ಜೆ ಸರಿದ. ಅಧ್ಯಕ್ಷರು ಸಾಹೇಬರ ಮುಖ ನೋಡಿದರು. ಸಾಹೇಬರು ನಿಧಾನವಾಗಿ ಮೈಕ್ ಬಿಟ್ಟು ಬಂದು ಅಯಸ್ಕಾಂತವನ್ನು ಹಿಡಿದು ಎಳೆದರು. ಬರಲಿಲ್ಲ. ಎರಡು ಕೈಯಲ್ಲಿ ಎಳೆದರು. ಬರಲಿಲ್ಲ. ಸಾಹೇಬರು ಸಾಹೇಬರಾದದ್ದು ಸುಮ್ಮನೆ ಅಲ್ಲ ಎಂದು ನಾನು ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ. ಅವರು ಜನರ ಕಡೆ ತಿರುಗಿ ಮುಖ ಅರಳಿಸಿದರು.

"ನೋಡಿದ್ರಾ ಅಧ್ಯಕ್ಷರೇ! ಎಂಥ ಹಿಡಿತ! ಕಳಪೆ ಮಾಲಾಗಿದ್ರೆ ಇಷ್ಟೊತ್ತಿಗೆ ಜಾರಿ ಬಿದ್ದಿರ್ತಿತ್ತು. ಇದು ಗಟ್ಟಿತನ ಅಂದ್ರೆ!"

ಚಪ್ಪಾಳೆ ಬಿತ್ತು. ಮೊದಲು ಬೆಣ್ಣೆಯದು, ಆಮೇಲೆ ಎಲ್ಲರದು. ಅಧ್ಯಕ್ಷರೂ ಒಂದು ಸಲ ಎಳೆದು ನೋಡಿ, ಬರಲಿಲ್ಲವೆಂದು ಸಂತೋಷಪಟ್ಟರು. ಟೀಚರಮ್ಮ ಮಾತ್ರ ಮೆಲ್ಲಗೆ, "ಅಂಟಿದ್ರೆ ಕಬ್ಬಿಣ ಅಲ್ವಾ?" ಎಂದರು.

"ಅದು ತಟ್ಟೆಗಮ್ಮಾ. ಇದು ಟ್ಯಾಂಕು" ಎಂದ ಬೆಣ್ಣೆ.

ತಟ್ಟೆಯ ಮಾತು ಬಂದ ಕೂಡಲೇ ಟೀಚರಮ್ಮನೂ ಚಪ್ಪಾಳೆಗೆ ಸೇರಿಕೊಂಡರು.

ಮಧ್ಯಾಹ್ನ ಕಾಂತಣ್ಣ ಅಂತಿಮ ಪತ್ರವನ್ನು ತನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟ: 'ಅಯಸ್ಕಾಂತ ಅಂಟಿತು. ಟ್ಯಾಂಕ್ ಕಬ್ಬಿಣದ್ದು.' ಸಾಹೇಬರು ಓದಿ, ಅದನ್ನು ನನ್ನ ಮೇಜಿನ ಮೇಲಿಟ್ಟು, "ಭಾಷೆ ಸ್ವಲ್ಪ ತಿದ್ದಿ" ಎಂದರು. ನಾನು ತಿದ್ದಿದೆ: 'ಅಯಸ್ಕಾಂತ ಭದ್ರವಾಗಿ ಅಂಟಿತು. ಟ್ಯಾಂಕ್ ಕಬ್ಬಿಣದಷ್ಟು ಗಟ್ಟಿ.' ನನ್ನ ಭಾಷೆಯ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಜಂಬ.

ಕಾಂತಣ್ಣ ಅದನ್ನು ಎರಡು ಸಲ ಓದಿದ. ಬಡ್ತಿಯ ಕಾಗದ ಸಾಹೇಬರ ಮೇಜಿನ ಮೇಲೆ ಟೈಪಾಗಿ ಸಿದ್ಧವಿತ್ತು. ನಮ್ಮಿಬ್ಬರಿಗೂ ಅದು ಕಾಣುತ್ತಿತ್ತು.

"ಸಹಿ ಹಾಕು ಕಾಂತಣ್ಣ" ಎಂದೆ. "ಇದರಲ್ಲಿ ಸುಳ್ಳು ಯಾವುದಿದೆ ಹೇಳು?"

"ಒಂದೂ ಇಲ್ಲ ಕಣೋ. ಅದಕ್ಕೇ ನಂಗೆ ಭಯ ಆಗ್ತಿರೋದು" ಎಂದ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಮನೆಗೆ ಹೋದ.

ನಾಲ್ಕನೆಯ ಸಲವೂ ಬಡ್ತಿ ಹೋಯಿತು. ಹೋದದ್ದು ಎಲ್ಲಿಗಾದರೂ ಹೋಗಿ ಸೇರಬೇಕಲ್ಲ, ನನ್ನ ಹತ್ತಿರ ಬಂತು. ಅತ್ತಿಗೆ ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ನನ್ನ ಹೆಂಡತಿಯ ಜೊತೆ ಇವತ್ತಿಗೂ ಮಾತಾಡುತ್ತಿಲ್ಲ. ಕಾಂತಣ್ಣ ತನ್ನ ನಲವತ್ತೊಂದು ಸಹಿಗಳನ್ನೂ ಹಿಂಪಡೆಯುತ್ತೇನೆ ಎಂದು ಅರ್ಜಿ ಕೊಟ್ಟ. ಅದು ಈಗ ನನ್ನ ಮೇಜಿನಲ್ಲೇ ಪರಿಶೀಲನೆಯಲ್ಲಿದೆ. ಟ್ಯಾಂಕಿನ ಪತ್ರಕ್ಕೆ ಉಗ್ರಾಣದಿಂದ ಒಂದು ಸಹಿ ಬೇಕಿತ್ತು, ಉಗ್ರಾಣಾಧಿಕಾರಿ ನಾನಾಗಿದ್ದೆ, ಪೆನ್ನು ಅಲ್ಲೇ ಬಿದ್ದಿತ್ತು.

ಮೂರು ತಿಂಗಳಾದ ಮೇಲೆ ವಸತಿಗೃಹದ ನಲ್ಲಿಗಳಲ್ಲಿ ನೀರು ಕೆಂಪಗೆ ಬರತೊಡಗಿತು. ಕಬ್ಬಿಣದ ಅಂಶ ರಕ್ತಕ್ಕೆ ಒಳ್ಳೆಯದು ಎಂದು ಬೆಣ್ಣೆ ಮನೆಮನೆಗೆ ಹೋಗಿ ಹೇಳಿಬಂದ. ಕೆಲವರು ನಂಬಿದರು. ನನ್ನ ಹೆಂಡತಿ ನಂಬಲಿಲ್ಲ. ದಿನಾ ಬೆಳಿಗ್ಗೆ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತ, "ಈ ಟ್ಯಾಂಕಿಗೆ ಸಹಿ ಹಾಕಿದವನ ಕೈ ಸೇದಿಹೋಗ!" ಎಂದು ಶಾಪ ಹಾಕುತ್ತಾಳೆ. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ.